ಸಿಡ್ನಿಗೆ ಹೋದವರು ನೋಡದೆ ಬರುವ ಸಿಡ್ನಿ

ಸಂಪಾದಕರಿಗೆ,

ಮಾನ್ಯರೇ,

ಪ್ರವಾಸ ಪುಟಗಳಲ್ಲಿ ಸಿಡ್ನಿ ಬಗ್ಗೆ ಬರುವ ಬರಹಗಳು ಹೆಚ್ಚುಕಡಿಮೆ ಒಂದೇ ಜಾಡು ಹಿಡಿಯುತ್ತವೆ. ಒಪೆರಾ ಹೌಸ್, ಹಾರ್ಬರ್ ಬ್ರಿಜ್, ಬಾಂಡೈ ಕಡಲತೀರ, ಒಂದು ದಿನ ಬ್ಲೂ ಮೌಂಟನ್ಸ್. ಇತಿಹಾಸದ ಮಾತು ಬಂದರೆ 1788ರ ಜನವರಿ 26ರಂದು ಬ್ರಿಟಿಷ್ ಹಡಗುಗಳು ಬಂದದ್ದರಿಂದ ಶುರು. ಆ ಹಡಗುಗಳು ಲಂಗರು ಹಾಕಿದ ಕೊಲ್ಲಿಗೆ ಆಗಲೇ ವಾರಾನ್ ಎಂಬ ಹೆಸರಿತ್ತು, ಅದು ಗಾಡಿಗಲ್ ಎಂಬ ಮೂಲನಿವಾಸಿ ಜನರ ನೆಲವಾಗಿತ್ತು. ಒಪೆರಾ ಹೌಸ್ ನಿಂತಿರುವ ಬೆನ್ನೆಲಾಂಗ್ ಪಾಯಿಂಟ್‌ನ ಹೆಸರು 1789ರಲ್ಲಿ ಬ್ರಿಟಿಷರು ಸೆರೆಹಿಡಿದ ವಾಂಗಲ್ ಸಮುದಾಯದ ಬೆನ್ನೆಲಾಂಗ್‌ನದು. ಅದೇ ವರ್ಷ ಸಿಡುಬು ಬಂದು ಬಂದರಿನ ಸುತ್ತಲ ಮೂಲನಿವಾಸಿಗಳಲ್ಲಿ ಅರ್ಧದಷ್ಟು ಜನ ತೀರಿಕೊಂಡರೆಂದು ಆಗಿನ ಗವರ್ನರ್ ಬರೆದಿಟ್ಟಿದ್ದಾನೆ. ಉಳಿದವರ ಮಕ್ಕಳು ಮರಿಮಕ್ಕಳು ಇವತ್ತೂ ಅಲ್ಲಿದ್ದಾರೆ, ತಮ್ಮ ನೆಲವನ್ನು ತಾವೇ ನಡೆದು ತೋರಿಸುತ್ತಾರೆ. ಮಗನ ಮನೆಗೋ ಮಗಳ ಮನೆಗೋ ಎಂದು ತಿಂಗಳುಗಟ್ಟಲೆ ಬಂದಿರುವ ಹಿರಿಯರಿಗಂತೂ ಇದು ಖಂಡಿತ ನೋಡಬೇಕಾದ ಸಿಡ್ನಿ.

ಮೊದಲ ಸಲಕ್ಕೆ ರಾಯಲ್ ಬೊಟಾನಿಕ್ ಗಾರ್ಡನ್‌ನ ನಡಿಗೆ ಒಳ್ಳೆಯದು. ದಾರಿ ನುಣುಪಾಗಿದೆ, ನೆರಳಿದೆ, ಕೂರಲು ಬೆಂಚುಗಳಿವೆ, ಸುಮಾರು ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ. ಮಾರ್ಗದರ್ಶಕರು ಮೂಲನಿವಾಸಿಗಳೇ. ಅಲ್ಲಿ ಗಿಡಗಳನ್ನು ಅಂದ ನೋಡಲು ತೋರಿಸುವುದಿಲ್ಲ, ಯಾವುದು ಏನಕ್ಕೆ ಬರುತ್ತದೆ ಎಂದು ತೋರಿಸುತ್ತಾರೆ. ವಾರಿಗಲ್ ಸೊಪ್ಪನ್ನೇ ತೆಗೆದುಕೊಳ್ಳಿ. ಪಾಲಕ್ ಹಾಗೆ ಕಾಣುವ ದಪ್ಪ ಎಲೆ, ಸಮುದ್ರದಂಚಿನಲ್ಲಿ ತಾನಾಗಿ ಹಬ್ಬುತ್ತದೆ. ಆಕ್ಸಲೇಟ್ ಎಂಬ ಲವಣ ಹೆಚ್ಚಿರುವುದರಿಂದ ಹಸಿಯಾಗಿ ತಿನ್ನಬಾರದು. ಎರಡು ಮೂರು ನಿಮಿಷ ಕುದಿಸಿ ಆ ನೀರನ್ನು ಚೆಲ್ಲಿಬಿಡಬೇಕು. ಬುರಾವಾಂಗ್ ಇನ್ನೂ ಪಾಠ ಕಲಿಸುವ ಗಿಡ. ಕಿತ್ತಳೆಗೆಂಪು ಬೀಜ, ನೋಡಿದರೆ ಬಾಯಿಗೆ ಹಾಕಿಕೊಳ್ಳಬೇಕು ಅನ್ನಿಸುತ್ತದೆ, ಹಸಿಯಾಗಿ ತಿಂದರೆ ವಿಷ. ಇಲ್ಲಿನ ಹೆಂಗಸರು ಅದನ್ನು ಜಜ್ಜಿ, ಹರಿಯುವ ನೀರಿನಲ್ಲಿ ದಿನಗಟ್ಟಲೆ ನೆನೆಹಾಕಿ, ವಿಷ ತೊಳೆದುಹೋದ ಮೇಲೆ ಅರೆದು ರೊಟ್ಟಿ ಸುಡುತ್ತಿದ್ದರು. ವಿಷ ನೀರಿನಲ್ಲಿ ಕರಗಿ ಹೋಗಲು ಅಷ್ಟು ದಿನ ಬೇಕೇ ಬೇಕು, ಒಂದು ರಾತ್ರಿ ನೆನೆಸಿದರೆ ಸಾಲದು. ಮನೆಯಲ್ಲಿ ಮಾಡಿ ನೋಡುವ ಕೆಲಸ ಅಲ್ಲವೇ ಅಲ್ಲ.

ಗ್ರಾಸ್ ಟ್ರೀ ಎಂಬ ಗಿಡವನ್ನು ತೋರಿಸಿದಾಗ ಸ್ವಲ್ಪ ಹೊತ್ತು ನಿಂತು ಕೇಳಿ. ಅದರ ಉದ್ದನೆಯ ಹೂದಂಡು ಈಟಿಯ ಹಿಡಿಗೆ, ಬುಡದಲ್ಲಿ ಒಸರುವ ರಾಳ ಅಂಟಿಗೆ. ರಾಳವನ್ನು ಕಾಯಿಸಿ ಇದ್ದಿಲ ಪುಡಿ ಬೆರೆಸಿ ಈಟಿಯ ಮೊನೆಗಳನ್ನು ಕೂಡಿಸುತ್ತಾರೆ. ಹೆಚ್ಚು ಕಾಯಿಸಿದರೆ ರಾಳ ಪೆಡಸಾಗಿ, ಏಟು ಬಿದ್ದ ಕೂಡಲೇ ಒಡೆಯುತ್ತದೆ. 1770ರ ಏಪ್ರಿಲ್‌ನಲ್ಲಿ ಬ್ರಿಟಿಷ್ ನಾವಿಕ ಜೇಮ್ಸ್ ಕುಕ್‌ನ ತಂಡ ಬಾಟನಿ ಬೇ ದಡದ ಗ್ವೀಗಲ್ ಜನರಿಂದ ಸುಮಾರು 40 ಈಟಿಗಳನ್ನು ಎತ್ತಿಕೊಂಡು ಹೋಗಿತ್ತು. ಉಳಿದಿದ್ದ ನಾಲ್ಕನ್ನು ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜು 2024ರ ಏಪ್ರಿಲ್‌ನಲ್ಲಿ ಬಾಟನಿ ಬೇ ದಡದಲ್ಲೇ ಇರುವ ಲಾ ಪೆರೂಸ್‌ನ ಮೂಲನಿವಾಸಿ ಸಮುದಾಯಕ್ಕೆ ಹಿಂತಿರುಗಿಸಿತು. 254 ವರ್ಷ ಬೇಕಾಯಿತು.

ನಗರದೊಳಗೇ ಇನ್ನೊಂದು ಜಾಗ ಬಾರಂಗಾರೂ. 2015ರಲ್ಲಿ ತೆರೆದ ಈ ದಡದ ಉದ್ಯಾನಕ್ಕೆ ಬೆನ್ನೆಲಾಂಗ್‌ನ ಹೆಂಡತಿಯಾಗಿದ್ದ ಕ್ಯಾಮರೇಗಲ್ ಹೆಣ್ಣುಮಗಳ ಹೆಸರಿಟ್ಟಿದ್ದಾರೆ. ಈ ಬಂದರಿನಲ್ಲಿ ಗಾಳ ಹಾಕಿ ಮೀನು ಹಿಡಿಯುತ್ತಿದ್ದವರು ಹೆಂಗಸರು. ಚಿಪ್ಪನ್ನು ತೇಯ್ದು ಬಾಗಿಸಿದ ಗಾಳ, ಮರದ ನಾರಿನ ದಾರ, ತೊಗಟೆಯ ಸಣ್ಣ ದೋಣಿ, ದೋಣಿಯ ನಡುವೆ ಜೇಡಿಮಣ್ಣಿನ ಮೇಲೆ ಒಂದು ಪುಟ್ಟ ಬೆಂಕಿ. ಆ ದೋಣಿಗೆ ನಾವಿ ಎನ್ನುತ್ತಿದ್ದರು. 1790–91ರ ಹೊತ್ತಿಗೆ ವಿಲಿಯಂ ಡಾಸ್ ಎಂಬ ಅಧಿಕಾರಿ ಪಟ್ಯೆಗರಾಂಗ್ ಎಂಬ ಹುಡುಗಿಯಿಂದ ಈ ನೆಲದ ಭಾಷೆ ಕಲಿತು ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟ. ಅದರಲ್ಲಿ ‘ಪುಟುವಾ’ ಎಂಬ ಪದವಿದೆ: ಕೈಯನ್ನು ಬೆಂಕಿಗೆ ಕಾಯಿಸಿಕೊಂಡು, ಇನ್ನೊಬ್ಬರ ಬೆರಳುಗಳನ್ನು ಮೆಲ್ಲಗೆ ಒತ್ತುವುದು. ನಮಗೆಲ್ಲ ಗೊತ್ತಿರುವ ಡಿಂಗೊ, ವಾಲಬಿ, ವೊಂಬ್ಯಾಟ್ ಕೂಡ ಸಿಡ್ನಿ ಸೀಮೆಯ ಭಾಷೆಯಿಂದಲೇ ಬಂದವು.

ಇನ್ನು ಕಲ್ಲಿನ ಕೆತ್ತನೆಗಳು. ಇಲ್ಲಿಯೇ ಹೆಚ್ಚಿನವರು ಎಡವುವುದು. ರಾಯಲ್ ನ್ಯಾಷನಲ್ ಪಾರ್ಕ್‌ನ ಜಿಬ್ಬನ್, ಕು-ರಿಂಗ್-ಗೈ ಚೇಸ್ ಉದ್ಯಾನದ ಬೇಸಿನ್ ಹಾದಿ, ಎರಡೂ ಕಡೆ ಸಮತಟ್ಟಾದ ಮರಳುಗಲ್ಲ ಹಾಸಿನ ಮೇಲೆ ಮೀನು, ಕಾಂಗರೂ ಜಾತಿಯ ಪ್ರಾಣಿಗಳು, ಮನುಷ್ಯರ ಆಕೃತಿಗಳಿವೆ. ಗಟ್ಟಿ ಕಲ್ಲಿನ ಮೊನೆಯಿಂದ ಸಾಲಾಗಿ ಗುಳಿ ಕುಟ್ಟಿ, ಆಮೇಲೆ ಗುಳಿ ಗುಳಿಗಳ ನಡುವೆ ಉಜ್ಜಿ ಗೆರೆ ಮಾಡಿದ್ದಾರೆ. ಕೆಲವು ಕಡೆ ಗೆರೆಯ ತಳದಲ್ಲಿ ಆ ಗುಳಿಗಳು ಈಗಲೂ ಕಾಣುತ್ತವೆ. ನಡುಮಧ್ಯಾಹ್ನ ಹೋದರೆ ಕಾಣುವುದು ಬರೀ ಬಂಡೆ! ಬಿಸಿಲು ನೆತ್ತಿಯ ಮೇಲಿದ್ದಾಗ ತೆಳು ಗೆರೆಗೆ ನೆರಳೇ ಬೀಳುವುದಿಲ್ಲ. ‘ಅಲ್ಲೇನೂ ಇಲ್ಲ’ ಎಂದು ವಾಪಸಾದವರೆಲ್ಲ ಆ ಹೊತ್ತಿಗೆ ಹೋದವರು. ಬೆಳಿಗ್ಗೆ ಬೇಗ, ಇಲ್ಲವೇ ಸೂರ್ಯ ಇಳಿಯುವ ಮುಂಚಿನ ಎರಡು ಗಂಟೆ ಸರಿ. ಜೂನ್‌ನಿಂದ ಆಗಸ್ಟ್‌ವರೆಗೆ ಅಲ್ಲಿ ಚಳಿಗಾಲ, ಸೂರ್ಯ ತಗ್ಗಿನಲ್ಲೇ ಸಾಗುವುದರಿಂದ ದಿನದಲ್ಲಿ ಹೆಚ್ಚು ಹೊತ್ತು ಕಾಣುತ್ತದೆ.

ಕೆತ್ತನೆಯ ಮೇಲೆ ಕಾಲಿಡಬಾರದು. ಮರಳುಗಲ್ಲಿನ ಮೇಲ್ಪದರ ಮಾತ್ರ ಗಟ್ಟಿ, ಅದು ಕಿತ್ತುಬಂದರೆ ಒಳಗಿನದು ಸಕ್ಕರೆಯಂತೆ ಉದುರುತ್ತದೆ. ಬೂಟಿನ ತಳಕ್ಕೆ ಅಂಟಿದ ಮರಳೇ ಉಪ್ಪುಕಾಗದದ ಕೆಲಸ ಮಾಡುತ್ತದೆ. ಫೋಟೊ ಚೆನ್ನಾಗಿ ಬರಲೆಂದು ಗೆರೆಗೆ ಸೀಮೆಸುಣ್ಣ ತುಂಬುವುದು, ಕಡ್ಡಿಯಿಂದ ಕೆರೆಯುವುದು ಇನ್ನೂ ಕೆಟ್ಟದ್ದು. ನ್ಯೂ ಸೌತ್ ವೇಲ್ಸ್‌ನ 1974ರ ರಾಷ್ಟ್ರೀಯ ಉದ್ಯಾನ ಮತ್ತು ವನ್ಯಜೀವಿ ಕಾಯ್ದೆಯಡಿ ಇಂಥ ಹಾನಿ ಅಪರಾಧ.

ದಾರಿಯ ವಿಷಯ. ಜಿಬ್ಬನ್‌ಗೆ ಕಾರು ಬೇಡ: ಕ್ರೊನಲಾವರೆಗೆ ರೈಲು, ಅಲ್ಲಿಂದ ಬಂಡೀನಾಗೆ ಸುಮಾರು ಅರ್ಧ ಗಂಟೆಯ ಫೆರಿ, ಆಮೇಲೆ ಕಡಲತೀರದಲ್ಲಿ ನಡಿಗೆ. ಸಂಜೆ ಬೆಳಕಿಗೆಂದು ಹೋಗುವವರು ಕೊನೆಯ ಫೆರಿ ಎಷ್ಟು ಗಂಟೆಗೆ ಎಂದು ಮೊದಲೇ ಕೇಳಿಕೊಳ್ಳಬೇಕು. ಬೇಸಿನ್ ಹಾದಿ ಶುರುವಾಗುವ ವೆಸ್ಟ್ ಹೆಡ್ ರಸ್ತೆಗೆ ಬಸ್ಸಿಲ್ಲ, ಕಾರು ಬೇಕು, ಉದ್ಯಾನದ ಪ್ರವೇಶಕ್ಕೆ ವಾಹನ ಶುಲ್ಕವೂ ಇದೆ. ಪಾಮ್ ಬೀಚ್‌ನಿಂದ ಫೆರಿಯಲ್ಲಿ ಬೇಸಿನ್‌ಗೆ ಬಂದು ಹತ್ತಬಹುದು, ಆದರೆ ಏರು ಕಡಿದಾಗಿದೆ, ಮಂಡಿನೋವಿನವರಿಗೆ ಹೇಳಿದ್ದಲ್ಲ. ರೆಡ್ ಹ್ಯಾಂಡ್ಸ್ ಕೇವ್ ಎಂಬ ಹೆಸರಿನ ಎರಡು ಜಾಗಗಳಿವೆ. ಒಂದು ವೆಸ್ಟ್ ಹೆಡ್ ಹತ್ತಿರ, ಇನ್ನೊಂದು ಬ್ಲೂ ಮೌಂಟನ್ಸ್‌ನ ಗ್ಲೆನ್‌ಬ್ರೂಕ್‌ನಲ್ಲಿ. ಫೋನಿನ ನಕ್ಷೆ ನಂಬಿ ನಗರದ ಇನ್ನೊಂದು ತುದಿಗೆ ಹೋದೀರಿ, ಎರಡು ಸಲ ನೋಡಿಕೊಳ್ಳಿ. ಗ್ಲೆನ್‌ಬ್ರೂಕ್‌ನದೇ ದೊಡ್ಡದು: ಗೋಡೆಯ ಮೇಲೆ ಅಂಗೈ ಇಟ್ಟು, ಬಾಯಲ್ಲಿ ಕಲಸಿದ ಕೆಮ್ಮಣ್ಣನ್ನು ಅದರ ಸುತ್ತ ಉಗುಳಿ ಮೂಡಿಸಿದ ಕೈಗುರುತುಗಳು. ಜೋರು ಮಳೆ ಬಂದರೆ ದಾರಿಯಲ್ಲಿನ ತೊರೆದಾಟು ಮುಳುಗಿ ರಸ್ತೆ ಮುಚ್ಚುತ್ತಾರೆ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಎಚ್ಚರಿಕೆ ಇದ್ದ ದಿನ ಉದ್ಯಾನಗಳೇ ಮುಚ್ಚಬಹುದು.

ಟಿಕೆಟ್ ಕೊಳ್ಳುವ ಮುಂಚೆ ಒಂದು ಪ್ರಶ್ನೆ ಕೇಳಿ: ಈ ಸಂಸ್ಥೆಯ ಮಾಲೀಕರು ಮೂಲನಿವಾಸಿಗಳೇ, ನಡೆಸಿಕೊಡುವವರು ಯಾವ ಸಮುದಾಯದವರು? ಒಳ್ಳೆಯ ಸಂಸ್ಥೆ ತಡವರಿಸದೆ ಉತ್ತರಿಸುತ್ತದೆ. ಡಿಜೆರಿಡೂ ಊದುವುದಿಲ್ಲವೇ ಎಂದು ಬೇಸರಪಡಬೇಡಿ. ಆ ವಾದ್ಯ ದೇಶದ ಉತ್ತರದ ತುದಿಯದು, ಸಿಡ್ನಿ ಸೀಮೆಯದು ತಾಳದ ಕೋಲು. ಚುಕ್ಕಿ ಚಿತ್ರಗಳೂ ನಡುನಾಡಿನ ಮರುಭೂಮಿಯವು. ಮಾರ್ಗದರ್ಶಕರನ್ನು ‘ನೀವು ಪೂರ್ತಿ ಅಬೊರಿಜಿನಲ್ಲಾ, ಬಣ್ಣ ಬಿಳಿ ಇದೆಯಲ್ಲ’ ಎಂದು ದಯವಿಟ್ಟು ಕೇಳಬೇಡಿ. 1970ರ ದಶಕದವರೆಗೂ ಸರ್ಕಾರವೇ ಇದೇ ರಕ್ತದ ಲೆಕ್ಕ ಹಾಕಿ ಮಕ್ಕಳನ್ನು ತಾಯಂದಿರಿಂದ ಕಿತ್ತುಕೊಂಡು ಹೋಗುತ್ತಿತ್ತು. ಅದಕ್ಕೆ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2008ರ ಫೆಬ್ರುವರಿ 13ರಂದು. ಎದುರಿಗೆ ನಿಂತವರ ಅಜ್ಜಿಯೇ ಹಾಗೆ ಹೋದವರಾಗಿರಬಹುದು.

ನೆನಪಿಗೆಂದು ಕೊಳ್ಳುವ ಬೂಮರಾಂಗ್‌ನ ಹಿಂಬದಿ ತಿರುಗಿಸಿ ನೋಡಿ. ಕಲಾವಿದರ ಹೆಸರು, ಅವರ ಸಮುದಾಯ, ಮಾಡಿದ ಊರು ಇರಬೇಕು. ಇಂಡೊನೇಷ್ಯಾದಲ್ಲಿ ಮಾಡಿಸಿದ ಸಾಮಾನನ್ನು ಮೂಲನಿವಾಸಿ ಕಲೆಯೆಂದು ಮಾರಿದ ಕಂಪನಿಯೊಂದಕ್ಕೆ ಆಸ್ಟ್ರೇಲಿಯಾದ ಫೆಡರಲ್ ನ್ಯಾಯಾಲಯ 2019ರಲ್ಲಿ 23 ಲಕ್ಷ ಡಾಲರ್ ದಂಡ ಹಾಕಿತು. ಆ ಕಂಪನಿ ಮಾರಿದ್ದು 18,000ಕ್ಕೂ ಹೆಚ್ಚು ಸಾಮಾನು.

ತಮ್ಮಲ್ಲಿ ಒಂದು ಕೋರಿಕೆ. ‘ಅಬೊರಿಜಿನ್’ ಎಂಬ ಹಳೆಯ ಪದವನ್ನು ಅಲ್ಲಿನವರು ಅವಮಾನವೆಂದು ಭಾವಿಸುತ್ತಾರೆ, ಅದನ್ನು ಕೈಬಿಡಿ. ಸಮುದಾಯದ ಹೆಸರು ಗೊತ್ತಿದ್ದಲ್ಲಿ ಅದನ್ನೇ ಅಚ್ಚು ಮಾಡಿ: ವಾರಾನ್‌ಗೆ ಗಾಡಿಗಲ್, ಜಿಬ್ಬನ್‌ಗೆ ಧರಾವಲ್. ಮುಂದಿನ ಸಲ ಸಿಡ್ನಿ ಲೇಖನದ ಜೊತೆ ಬರುವ ‘ನೋಡಬೇಕಾದ ಸ್ಥಳಗಳು’ ಚೌಕಟ್ಟಿನಲ್ಲಿ ಬೊಟಾನಿಕ್ ಗಾರ್ಡನ್‌ನ ಈ ನಡಿಗೆಗೂ ಒಂದು ಸಾಲು ಇರಲಿ.

ಇಂತಿ,
ಸಿಡ್ನಿಯಲ್ಲಿ ನೆಲೆಸಿರುವ ಕೆಲವು ಓದುಗರು