ಪರಮಪ್ರಸಾದದ ಹಾಡು ಬರೆಯುತ್ತಿರುವ ತಂಗಿಗೆ

ಪ್ರೀತಿಯ ತಂಗೀ,

ಪರಮಪ್ರಸಾದದ ಮೇಲೆ, ಅಂದರೆ ನಮ್ಮ ಕಥೋಲಿಕ ಪೂಜೆಯಲ್ಲಿ ಕ್ರಿಸ್ತರ ಶರೀರ ರಕ್ತಗಳಾಗುವ ರೊಟ್ಟಿ ದ್ರಾಕ್ಷಾರಸಗಳ ಮೇಲೆ, ನೀನು ಬರೆದು ಕಳಿಸಿದ ಮೂರು ಹಾಡುಗಳೂ ತಲುಪಿದವು. ಬಾಗಿಲು ಹಾಕಿಕೊಂಡು ಮೂರನ್ನೂ ಗಟ್ಟಿಯಾಗಿ ಹಾಡಿಕೊಂಡು ನೋಡಿದೆ. ನಿನಗೆ ಕಿವಿ ಇದೆ. ಪ್ರಾಸಕ್ಕಾಗಿ ತಿಣುಕಿದ ಜಾಗ ಒಂದೂ ಸಿಗಲಿಲ್ಲ. ಅದು ಯಾರೂ ಕಲಿಸಿಕೊಡುವಂಥದ್ದಲ್ಲ, ಹಾಗಾಗಿ ಅದರ ಬಗ್ಗೆ ಇಷ್ಟು ಸಾಕು. ನೀನು ಪತ್ರದ ಕೊನೆಗೆ ಕೇಳಿರುವ ಪ್ರಶ್ನೆಗೇ ಬರುತ್ತೇನೆ: ಭಕ್ತಿಯಿಂದ ಹುಟ್ಟಿದ ಹಾಡನ್ನು ಧರ್ಮಸಿದ್ಧಾಂತದ ತಕ್ಕಡಿಯಲ್ಲಿ ಯಾಕೆ ತೂಗಬೇಕು, ಕವಿತೆ ಧರ್ಮೋಪದೇಶದ ಪುಸ್ತಕವಲ್ಲವಲ್ಲ ಅಂತ.

ಯಾಕೆಂದರೆ ಆ ಪುಸ್ತಕವನ್ನು ನಮ್ಮ ಜನ ದೃಢೀಕರಣ ಸಂಸ್ಕಾರ ಮುಗಿದ ಮೇಲೆ ಮತ್ತೆ ತೆರೆಯುವುದು ಅಪರೂಪ. ಭಾನುವಾರದ ಪ್ರಬೋಧನೆ ಸಂಜೆಗೆ ಮರೆತುಹೋಗಿರುತ್ತದೆ. ನಿನ್ನ ಹಾಡು ಮಾತ್ರ ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ, ಕಾಯಿಲೆಯವರ ಮಂಚದ ಪಕ್ಕ ಕೂತಾಗ ಬಾಯಿಗೆ ಬರುತ್ತದೆ. ಪರಮಪ್ರಸಾದ ಎಂದರೇನು ಎಂದು ಒಬ್ಬ ಸಾಮಾನ್ಯ ಭಕ್ತನನ್ನು ಕೇಳಿ ನೋಡು. ಅವನು ಕೊಡುವ ಉತ್ತರದಲ್ಲಿ ಯಾವುದಾದರೊಂದು ಹಾಡಿನ ಸಾಲು ಕೇಳಿಸುತ್ತದೆ. ಆ ಸಾಲು ತಪ್ಪಾಗಿದ್ದರೆ ಅವನಿಗೆ ಸಿಕ್ಕ ಉತ್ತರವೂ ತಪ್ಪು.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದೇ. ಬರೆಯಲು ತೊಡಗಿದ ಹೊಸತರಲ್ಲಿ ಪ್ರಸಾದ ಸ್ವೀಕಾರದ ಹೊತ್ತಿಗೆಂದು ಒಂದು ಹಾಡು ಕಟ್ಟಿದ್ದೆ. ‘ನಿನ್ನೊಂದು ಚೂರೇ ಸಾಕೆನಗೆ’ ಅಂತ ಪಲ್ಲವಿ. ದೈನ್ಯ ತುಂಬಿದ ಸಾಲು ಎಂದು ಅದರ ಮೇಲೆ ನನಗೆ ಬಲು ಮೋಹ. ಗಾನವೃಂದ ಹಾಡಿತು, ನಾಲ್ಕು ಜನ ಮೆಚ್ಚಿದರು. ಪೂಜೆ ಮುಗಿದ ಮೇಲೆ ಊರಿನಲ್ಲಿ ಧರ್ಮಬೋಧನೆ ಕಲಿಸುವ ಉಪದೇಶಿ ಹತ್ತಿರ ಬಂದು ಮೆಲ್ಲಗೆ ಕೇಳಿದರು: “ಚೂರು ಸಾಕು ಅಂದಿರಲ್ಲ, ಹಾಗಾದರೆ ಚೂರಿನಲ್ಲಿ ಚೂರು ಯೇಸು, ಇಡೀದರಲ್ಲಿ ಇಡೀ ಯೇಸು ಅಂತ ಆಗಲ್ವಾ?” ನಾನು ಸುಮ್ಮನೆ ನಿಂತೆ.

ಉತ್ತರ ಏಳುನೂರು ವರ್ಷಕ್ಕೂ ಹಳೆಯ ಹಾಡೊಂದರಲ್ಲಿ ಸಿಕ್ಕಿತು. 1264ರಲ್ಲಿ ಪೋಪ್ ನಾಲ್ಕನೆಯ ಅರ್ಬನ್ ಪರಮಪ್ರಸಾದದ ಹಬ್ಬವನ್ನು ಇಡೀ ಧರ್ಮಸಭೆಗೆ ಸಾರಿದಾಗ ಅದಕ್ಕೆ ಪ್ರಾರ್ಥನೆ, ಹಾಡುಗಳನ್ನು ರಚಿಸಿಕೊಟ್ಟವರು ಸಂತ ಥಾಮಸ್ ಅಕ್ವಿನಾಸ್. ಅವರ ‘ಲೌದಾ ಸಿಯೋನ್’ ಹೇಳುವುದು ಇದನ್ನೇ: ಮುರಿಯುವುದು ಗುರುತು ಮಾತ್ರ, ಒಳಗಿರುವಾತ ಮುರಿಯುವುದಿಲ್ಲ. ಇಡೀದರ ಅಡಿಯಲ್ಲಿ ಎಷ್ಟೋ ಚೂರಿನ ಅಡಿಯಲ್ಲೂ ಅಷ್ಟೇ. ಒಬ್ಬ ಸ್ವೀಕರಿಸಲಿ, ಸಾವಿರ ಮಂದಿ ಸ್ವೀಕರಿಸಲಿ, ಆ ಒಬ್ಬನಿಗೆ ಸಿಕ್ಕಷ್ಟೇ ಸಾವಿರ ಮಂದಿಗೂ, ಆತ ಮಾತ್ರ ತೀರಿಹೋಗುವುದಿಲ್ಲ. ಸುಮಾರು ಮೂರು ಶತಮಾನ ಕಳೆದು, 1551ರಲ್ಲಿ ಧರ್ಮಾಧ್ಯಕ್ಷರು, ಅಂದರೆ ಬಿಷಪ್ಪರು, ಸೇರಿದ್ದ ತ್ರೆಂತ್ ಮಹಾಸಭೆ ಇದೇ ಬೋಧನೆಯನ್ನು ವಿಧಿಯಾಗಿ ಬರೆದಿಟ್ಟಿತು. ಅಷ್ಟು ಹೊತ್ತಿಗಾಗಲೇ ಜನ ಅದನ್ನು ಹಾಡಿಕೊಂಡು ಬಂದಿದ್ದರು.

ನಾನು ಪಲ್ಲವಿಯನ್ನು ‘ಚೂರಲಿ ಪೂರಾ ನೀನಿರುವೆ’ ಎಂದು ತಿದ್ದಿದೆ. ಚೂರು, ಪೂರಾ ಎರಡೂ ತಾವಾಗಿ ಬಂದು ಕೂತವು. ಸಿದ್ಧಾಂತಕ್ಕೆ ತಲೆಬಾಗಿ ಕವಿತೆಯನ್ನು ಕಳೆದುಕೊಂಡೆ ಎಂದು ಅಂದುಕೊಂಡಿದ್ದವನಿಗೆ ಮೊದಲಿನದಕ್ಕಿಂತ ಗಟ್ಟಿಯಾದ ಸಾಲು ಸಿಕ್ಕಿತ್ತು.

ಈಗ ನಿನ್ನ ಮೊದಲ ಹಾಡು. ‘ರೊಟ್ಟಿಯ ಒಳಗಡೆ ಅಡಗಿದ ಯೇಸುವೆ.’ ‘ಅಡಗಿದ’ ಸರಿಯಾಗಿದೆ, ಥಾಮಸರೂ ಆತನನ್ನು ಮರೆಯಾಗಿರುವ ದೈವವೆಂದೇ ಕರೆದರು. ತೊಡಕಿರುವುದು ‘ಒಳಗಡೆ’ಯಲ್ಲಿ. ಡಬ್ಬಿಯೊಳಗೆ ಒಡವೆ ಇಟ್ಟಂತೆ, ರೊಟ್ಟಿ ರೊಟ್ಟಿಯಾಗಿಯೇ ಉಳಿದು ಯೇಸು ಅದರೊಳಗೆ ಬಂದು ಕೂತ ಹಾಗಾಯಿತು. ಧರ್ಮಸಭೆ ನಂಬುವುದು ಅದಲ್ಲ. ರೊಟ್ಟಿಯ ಸತ್ವವೇ ಪೂರ್ತಿಯಾಗಿ ಕ್ರಿಸ್ತರ ಶರೀರದ ಸತ್ವವಾಗಿ ಮಾರ್ಪಡುತ್ತದೆ. ಬಣ್ಣ, ರುಚಿ, ಆಕಾರ ಉಳಿಯುತ್ತವೆ, ರೊಟ್ಟಿ ಉಳಿಯುವುದಿಲ್ಲ. ‘ಒಳಗಡೆ’ ತೆಗೆದು ‘ರೂಪದಿ’ ಇಡು: ‘ರೊಟ್ಟಿಯ ರೂಪದಿ ಅಡಗಿದ ಯೇಸುವೆ.’ ಅದಕ್ಕೂ ನಾಲ್ಕು ಮಾತ್ರೆ, ಇದಕ್ಕೂ ನಾಲ್ಕು ಮಾತ್ರೆ. ನಿನ್ನ ರಾಗ ಒಂದಿಷ್ಟೂ ಅಲುಗುವುದಿಲ್ಲ.

ಕನ್ನಡದಲ್ಲಿ ಬರೆಯುವವರು ಇದಕ್ಕೆ ಹೆಚ್ಚು ಎಚ್ಚರವಾಗಿರಬೇಕು. ನಮ್ಮ ಭಾಷೆಯಲ್ಲಿ ವಿಶ್ವಾಸವೆಲ್ಲ ಪದದ ಬಾಲದಲ್ಲಿ ಕೂತಿರುತ್ತದೆ. ‘ರೊಟ್ಟಿಯಲ್ಲಿ’ ಎಂದರೆ ಒಂದು, ‘ರೊಟ್ಟಿಯಂತೆ’ ಎಂದರೆ ಇನ್ನೊಂದು, ‘ರೊಟ್ಟಿಯ ರೂಪದಲ್ಲಿ’ ಎಂದರೆ ಬೇರೆಯೇ. ‘ಯೇಸು ರೊಟ್ಟಿಯಾದ’ ಎಂದು ಬರೆದೆಯೋ, ಕರ್ತೃಪದ ತಿರುಗುಮುರುಗಾಯಿತು. ಥಾಮಸರ ‘ಪಾಂಜೆ ಲಿಂಗ್ವಾ’ ಎಂಬ ಇನ್ನೊಂದು ಹಾಡಿನಲ್ಲಿ ಮನುಷ್ಯನಾದ ದಿವ್ಯವಾಣಿ, ಅಂದರೆ ಕ್ರಿಸ್ತ, ತನ್ನ ಮಾತಿನಿಂದ ರೊಟ್ಟಿಯನ್ನು ತನ್ನ ಮಾಂಸವಾಗಿಸುತ್ತಾನೆ. ಬದಲಾಗುವುದು ರೊಟ್ಟಿ.

ಹಾಗೆಂದು ‘ರೊಟ್ಟಿ’ ಎಂಬ ಮಾತಿಗೇ ಹೆದರಬೇಡ. “ನಾನೇ ಜೀವದ ರೊಟ್ಟಿ” ಎಂದವರು ಸ್ವತಃ ಯೇಸು, ಯೊವಾನ್ನನ ಶುಭಸಂದೇಶದ ಆರನೆಯ ಅಧ್ಯಾಯದಲ್ಲಿ. ಯೇಸುವಿನ ಪ್ರೇಷಿತ ಪೌಲನು ಕೊರಿಂಥದ ಕ್ರೈಸ್ತರಿಗೆ ಬರೆಯುವಾಗ, ಅಯೋಗ್ಯವಾಗಿ ಈ ರೊಟ್ಟಿಯನ್ನು ತಿಂದವನು ಪ್ರಭುವಿನ ಶರೀರಕ್ಕೆ ಅಪರಾಧಿ ಎನ್ನುತ್ತಾನೆ. ಒಂದೇ ವಾಕ್ಯದಲ್ಲಿ ರೊಟ್ಟಿಯೂ ಇದೆ, ಪ್ರಭುವಿನ ಶರೀರವೂ ಇದೆ. ಥಾಮಸರಿಗೂ ಅದು ದೇವದೂತರ ರೊಟ್ಟಿ, ದಾರಿಹೋಕರ ಅನ್ನ. ಜೀವದ, ಸ್ವರ್ಗದ, ದೇವದೂತರ ಎಂಬ ಷಷ್ಠಿಯೊಂದು ಜೊತೆಗಿದ್ದರೆ ಆ ರೊಟ್ಟಿ ಯಾರೆಂದು ಕೇಳುವವನಿಗೆ ತಿಳಿಯುತ್ತದೆ. ಬರೀ ‘ರೊಟ್ಟಿ ತಿಂದೆವು, ದ್ರಾಕ್ಷಾರಸ ಕುಡಿದೆವು’ ಎಂದು ಬಿಟ್ಟರೆ ತಿಳಿಯುವುದಿಲ್ಲ.

ಅಮೆರಿಕದ ಕಥೋಲಿಕ ಧರ್ಮಾಧ್ಯಕ್ಷರ ಧರ್ಮತತ್ವ ಸಮಿತಿ 2020ರ ಸೆಪ್ಟೆಂಬರ್‌ನಲ್ಲಿ ಹಾಡುಗಳ ಬಗ್ಗೆ ಹೊರಡಿಸಿದ ಮಾರ್ಗದರ್ಶಿಯಲ್ಲಿ ಈ ಕೊರತೆಯೇ ಮೊದಲಿಗೆ ಬರುತ್ತದೆ. ಅವರು ಕೆಲವು ಇಂಗ್ಲಿಷ್ ಹಾಡುಗಳನ್ನು ಹೆಸರು ಹಿಡಿದೇ ತೋರಿಸಿದರು. ಇಂಥ ಹಾಡುಗಳೇ ನಿತ್ಯದ ಆಹಾರವಾದರೆ ಪರಮಪ್ರಸಾದದ ಬಗ್ಗೆ, ಪೂಜೆ ಒಂದು ಬಲಿ ಎಂಬುದರ ಬಗ್ಗೆ ಜನರ ಅರಿವು ಸವೆಯುತ್ತದೆ ಎಂದರು. ಅದರ ಹಿಂದಿನ ವರ್ಷವಷ್ಟೇ ಪ್ಯೂ ಸಂಸ್ಥೆಯ ಸಮೀಕ್ಷೆಯಲ್ಲಿ, ರೊಟ್ಟಿ ದ್ರಾಕ್ಷಾರಸಗಳು ನಿಜಕ್ಕೂ ಕ್ರಿಸ್ತರ ಶರೀರ ರಕ್ತಗಳಾಗುತ್ತವೆ ಎಂದು ನಂಬುವವರು ಅಲ್ಲಿನ ಕಥೋಲಿಕರಲ್ಲಿ ಶೇಕಡಾ 31 ಮಾತ್ರ ಎಂದು ಕಂಡಿತ್ತು. ಹಾಡುಗಳೊಂದೇ ಇದಕ್ಕೆ ಕಾರಣ ಎಂದು ನಾನು ಹೇಳಲಾರೆ. ಆದರೆ ಧರ್ಮಾಧ್ಯಕ್ಷರ ಆತಂಕ ನನ್ನದೂ ಹೌದು. ಅವರ ಪಟ್ಟಿಯಲ್ಲಿ ಗುಲಾಮಗಿರಿಯ ನೋವುಂಡ ಕಪ್ಪು ಜನರ ಪರಂಪರೆಯ ಗೀತೆಯೊಂದೂ ಇರುವುದು ಮಾತ್ರ ನನಗೆ ಸಂಕಟ ತರುತ್ತದೆ. ಆ ಹಾಡು ಮೊಣಕಾಲೂರಿ ಹಾಡುತ್ತದೆ, ಅದರ ಭಕ್ತಿ ಸುಳ್ಳಲ್ಲ. ಪರಮಪ್ರಸಾದ ಸ್ವೀಕರಿಸುವ ಹೊತ್ತಿಗೆ ಅದರ ಮಾತು ಸಾಲದು ಎಂದಷ್ಟೇ ನಾನು ಒಪ್ಪುತ್ತೇನೆ.

ಹೊತ್ತು ಎಂದೆನಲ್ಲ, ಅದನ್ನೂ ಗಮನಿಸು. ನಿನ್ನ ಎರಡನೆಯ ಹಾಡಿನಲ್ಲಿ ಹೊಲದ ಗೋಧಿ, ರೈತನ ಬೆವರು, ದ್ರಾಕ್ಷಿಯ ಗೊಂಚಲು ಎಲ್ಲ ಸೊಗಸಾಗಿ ಬಂದಿವೆ. ಭೂಮಿಯ ಫಲ, ಮನುಷ್ಯರ ದುಡಿಮೆ ಎಂದು ಗುರುಗಳು ಎತ್ತಿ ಹಿಡಿಯುವ ಕಾಣಿಕೆಯ ಹೊತ್ತಿಗೆ ಹೇಳಿ ಮಾಡಿಸಿದ ಹಾಡು. ಆಗ ಪೀಠದ ಮೇಲಿರುವುದು ರೊಟ್ಟಿಯೇ, ದ್ರಾಕ್ಷಾರಸವೇ. ಹಾಳೆಯ ನೆತ್ತಿಯ ಮೇಲೆ ‘ಕಾಣಿಕೆ ಗೀತೆ’ ಎಂದು ದಪ್ಪಕ್ಷರದಲ್ಲಿ ಬರೆದು ಕೊಡು. ರಾಗ ಇಷ್ಟವಾಯಿತೆಂದು ಗಾನವೃಂದದವರು ಅದನ್ನೇ ಪ್ರಸಾದ ಸ್ವೀಕಾರಕ್ಕೆ ಎಳೆದರೆ, “ಕ್ರಿಸ್ತರ ಶರೀರ” ಎನ್ನುವ ಗುರುಗಳಿಗೆ ಜನ “ಆಮೆನ್” ಎನ್ನುತ್ತಿರುವಾಗಲೇ ಹಿಂದಿನಿಂದ ಹಾಡು ‘ಗೋಧಿ, ಗೋಧಿ’ ಎನ್ನುತ್ತಿರುತ್ತದೆ. ಹಾಗಾದದ್ದನ್ನು ಕಣ್ಣಾರೆ ಕಂಡು ನನ್ನ ಹೊಟ್ಟೆಯಲ್ಲಿ ಸಂಕಟವಾಗಿದೆ.

ಅದೇ ಹಾಡಿನಲ್ಲಿ ಒಂದು ಕಡೆ ಮಾತ್ರೆ ಹೊಂದಲಿಲ್ಲವೆಂದು ‘ಪರಮಪ್ರಸಾದ’ವನ್ನು ‘ಪ್ರಸಾದ’ಕ್ಕೆ ಇಳಿಸಿದ್ದೀಯ. ಎಂಟು ಮಾತ್ರೆಯ ಜಾಗದಲ್ಲಿ ನಾಲ್ಕು. ನನ್ನಿಂದಲೂ ಇದು ಆಗಿದೆ, ಈ ಪತ್ರದಲ್ಲೇ ‘ಪ್ರಸಾದ ಸ್ವೀಕಾರ’ ಎಂದು ರೂಢಿಯಂತೆ ಬರೆದಿದ್ದೇನೆ. ಮಾತಿನಲ್ಲಿ ನಡೆಯುತ್ತದೆ, ಹಾಡಿನಲ್ಲಿ ಬೇಡ. ಪ್ರಸಾದ ಎಂಬುದು ಕನ್ನಡ ನೆಲದ ದೊಡ್ಡ ಮಾತು. ಬಲಗೈಯಲ್ಲಿ ಪಡೆದು, ಕಣ್ಣಿಗೊತ್ತಿಕೊಂಡು, ಒಂದು ಅಗುಳೂ ಕೆಳಗೆ ಬೀಳದಂತೆ ಬಾಯಿಗಿಡುವ ಭಯಭಕ್ತಿ ಅದರಲ್ಲಿದೆ. ಆ ಪದವನ್ನು ನಮಗೆ ಆರಿಸಿಕೊಟ್ಟ ಹಿರಿಯರಿಗೆ ಕೈಮುಗಿಯುತ್ತೇನೆ. ಆದರೆ ಪ್ರಸಾದ ಎಂದರೆ ನಾವು ದೇವರಿಗೆ ಒಪ್ಪಿಸಿದ್ದು ಆತನ ಕೃಪೆಯಾಗಿ ನಮಗೆ ಮರಳುವುದು. ಇಲ್ಲಿ ಮರಳುವುದು ಆತನೇ. ಆ ವ್ಯತ್ಯಾಸವನ್ನೆಲ್ಲ ‘ಪರಮ’ ಎಂಬ ಮೂರಕ್ಷರ ಒಂದೇ ಹೊತ್ತುಕೊಂಡಿದೆ. ಅದನ್ನು ಕತ್ತರಿಸುವ ಬದಲು ಇಡೀ ಸಾಲನ್ನೇ ಬೇರೆ ಮಾಡು.

ಮೂರನೆಯ ಹಾಡಿನ ಬಗ್ಗೆ ಸ್ವಲ್ಪ ಕಟುವಾಗಿ ಹೇಳುತ್ತೇನೆ, ಬೇಸರಪಡಬೇಡ. ಅದರಲ್ಲಿ ‘ನಾವು’ ಹನ್ನೊಂದು ಸಲ ಬಂದಿದೆ, ‘ನೀನು’ ಒಂದೇ ಸಲ. ನಾವು ಒಂದಾಗುವೆವು, ನಾವು ಹಂಚುವೆವು, ನಾವೇ ಲೋಕಕ್ಕೆ ರೊಟ್ಟಿಯಾಗುವೆವು. ಇದು ಸುಳ್ಳಲ್ಲ. ರೊಟ್ಟಿ ಒಂದೇ ಆದ್ದರಿಂದ ಅನೇಕರಾದ ನಾವು ಒಂದೇ ಶರೀರ ಎಂದು ಪೌಲನೇ ಬರೆದಿದ್ದಾನೆ. ಸಂತ ಅಗಸ್ತೀನರು ಹೊಸದಾಗಿ ಸ್ನಾನದೀಕ್ಷೆ ಪಡೆದವರಿಗೆ, ನೀವು ಕಾಣುತ್ತಿರುವುದೇ ಆಗಿರಿ, ನೀವು ಆಗಿರುವುದನ್ನೇ ಸ್ವೀಕರಿಸಿರಿ ಎಂದು ಬೋಧಿಸಿದರು. ಆದರೆ ಅವರಿಬ್ಬರಲ್ಲೂ ಮೊದಲು ಕೊಡುವಾತ ಕ್ರಿಸ್ತ, ಆಮೇಲೆ ಆಗುವವರು ನಾವು. ನಿನ್ನ ಹಾಡಿನಲ್ಲಿ ಕೊಡುವಾತ ಬರುವ ಮೊದಲೇ ನಾವು ಆಗಿಬಿಟ್ಟಿದ್ದೇವೆ. ಶಿಲುಬೆ ಇಲ್ಲ, ಬಲಿ ಇಲ್ಲ, ಊಟ ಮಾತ್ರ ಇದೆ. ನಮ್ಮ ಜನ ಅದನ್ನು ಬಲಿಪೂಜೆ ಎಂದೇ ಕರೆಯುತ್ತಾರೆ. ಆ ಬಲಿಗೆ ನಿನ್ನ ಹಾಡಿನಲ್ಲೊಂದು ಚರಣ ಬೇಕು.

1963ರ ಡಿಸೆಂಬರ್ 4ರಂದು ಹೊರಬಿದ್ದ ದ್ವಿತೀಯ ವ್ಯಾಟಿಕನ್ ಮಹಾಸಭೆಯ ದೈವಾರಾಧನಾ ವಿಧಿಯನ್ನು ಒಮ್ಮೆ ಓದು. 121ನೆಯ ಅಂಕಣ ನಮ್ಮಂಥವರಿಗೇ ಬರೆದದ್ದು. ಹಾಡಿನ ಮಾತು ಕಥೋಲಿಕ ಬೋಧನೆಗೆ ಹೊಂದಬೇಕು, ಮುಖ್ಯವಾಗಿ ಪವಿತ್ರ ಗ್ರಂಥದಿಂದ, ಆರಾಧನಾ ವಿಧಿಯ ಮೂಲಗಳಿಂದ ಬರಬೇಕು ಎನ್ನುತ್ತದೆ. ಮೊದಲು ನನಗೆ ಅದು ಬೇಲಿಯಂತೆ ಕಂಡಿತ್ತು. ಈಗ ಬರೆಯಲು ಕೂತಾಗ ಯೊವಾನ್ನನ ಆರನೆಯ ಅಧ್ಯಾಯವನ್ನು ಬಾಯಿಬಿಟ್ಟು ಓದಿಯೇ ಪೆನ್ನು ಹಿಡಿಯುತ್ತೇನೆ. ಹಾಗೆ ಓದಿದ ದಿನ ಪದಗಳಿಗಾಗಿ ತಡಕಾಡಿದ್ದಿಲ್ಲ.

ಒಂದು ಮಾತು ಮರೆಯುತ್ತಿದ್ದೆ. ಮೊದಲ ಹಾಡಿನ ಎರಡನೆಯ ಚರಣದಲ್ಲಿ ‘ಹಸಿದು ಬಂದೆನು, ಹಸಿವ ಬಲ್ಲವನೆ’ ಎಂದು ಬರೆದಿದ್ದೀಯಲ್ಲ, ಅದನ್ನು ಯಾರು ಹೇಳಿದರೂ ಮುಟ್ಟಬೇಡ. ಮರುಭೂಮಿಯಲ್ಲಿ ನಲವತ್ತು ದಿನ ಹಸಿದವನು ನೆನಪಾಗಿ ಅಲ್ಲಿಗೇ ನಿಲ್ಲಿಸಿ ಕಣ್ಣೊರೆಸಿಕೊಂಡೆ. ‘ಒಳಗಡೆ’ಯೊಂದನ್ನು ಬದಲಿಸಿ ಆ ಹಾಡನ್ನು ಪರಮಪ್ರಸಾದದ ಹಬ್ಬಕ್ಕೆ ಮುಂಚೆ ಕಳಿಸು. ಹಾರ್ಮೋನಿಯಂ ರಿಪೇರಿಯಾಗಿ ಬಂದಿದೆ, ನಾನೇ ಸ್ವರ ಹಾಕಿ ಗಾನವೃಂದಕ್ಕೆ ಹೇಳಿಕೊಡುತ್ತೇನೆ.

ನಿನ್ನ ಅಣ್ಣ