ನಿಂತ ಕಾರಿಗೆ ಯಾಕೆ ದಂಡ? ಹಾಸನದ ಸಂಸದರಿಗೆ ಒಂದು ಬಹಿರಂಗ ಪತ್ರ

ಹಾಸನ ಲೋಕಸಭಾ ಕ್ಷೇತ್ರದ ಮಾನ್ಯ ಸಂಸದರಿಗೆ,

ಅರಸೀಕೆರೆಯಿಂದ ನಮಸ್ಕಾರಗಳು.

ನಾನು ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವನು. ಇಪ್ಪತ್ತಾರು ವರ್ಷ ಬೇರೆಯವರ ಜಮಾ-ಖರ್ಚು ಬರೆದ ನನಗೆ ಈ ವರ್ಷ ನನ್ನದೇ ಒಂದು ಲೆಕ್ಕ ಎಷ್ಟು ಸಲ ಕೂಡಿದರೂ ತಾಳೆಯಾಗುತ್ತಿಲ್ಲ. ಇದು ರಸ್ತೆ ಗುಂಡಿಯ ದೂರಲ್ಲ, ಕೊಬ್ಬರಿಯ ಬೆಂಬಲ ಬೆಲೆಯ ಮನವಿಯೂ ಅಲ್ಲ. ಅವಕ್ಕೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಇದು ಕಾರಿನ ಇನ್ಶೂರೆನ್ಸ್ ವಿಚಾರ. ಮೋಟಾರು ವಾಹನ ಕಾಯ್ದೆಯೂ ವಿಮೆಯ ನಿಯಮವೂ ದೆಹಲಿಯಲ್ಲಿ ಮತ್ತು ವಿಮಾ ನಿಯಂತ್ರಣ ಪ್ರಾಧಿಕಾರ ಇರುವ ಹೈದರಾಬಾದಿನಲ್ಲಿ ತೀರ್ಮಾನವಾಗುವಂಥವು. ಅದಕ್ಕೇ ಶಾಸಕರನ್ನು ಬಿಟ್ಟು ನಿಮಗೆ ಬರೆಯುತ್ತಿದ್ದೇನೆ.

ಸಂಕ್ರಾಂತಿಗೆ ಎರಡು ದಿನ ಇತ್ತು. ಬಾಣಾವರದ ಕಡೆ ಇರುವ ತೋಟದಿಂದ ನಾನೂ ಮನೆಯವಳೂ ವಾಪಸ್ ಬರುತ್ತಿದ್ದೆವು. ರೈಲ್ವೆ ಗೇಟ್ ಹಾಕಿತ್ತು. ಇಂಜಿನ್ ಆಫ್ ಮಾಡಿ, ಹ್ಯಾಂಡ್ ಬ್ರೇಕ್ ಹಾಕಿ ಕೂತಿದ್ದೆ. ಹಿಂದಿನಿಂದ ಎಳನೀರು ತುಂಬಿದ ಒಂದು ಪಿಕಪ್ ಬಂದು ಗುದ್ದಿತು. ನಮ್ಮ ಭಾಷೆಯ ಚಂದ ನೋಡಿ, ಕಾರಿನ ಹಿಂಬದಿಗೂ ಡಿಕ್ಕಿ ಅಂತೀವಿ, ಗುದ್ದುವುದಕ್ಕೂ ಡಿಕ್ಕಿ ಅಂತೀವಿ. ಡಿಕ್ಕಿಗೇ ಡಿಕ್ಕಿ. ಯಾರಿಗೂ ಪೆಟ್ಟಾಗಲಿಲ್ಲ, ದೇವರು ದೊಡ್ಡವನು. ಮನೆಯವಳ ಮಡಿಲಲ್ಲಿದ್ದ ಅವರೆಕಾಯಿ ಮಾತ್ರ ಕಾರಿನ ತುಂಬ ಚೆಲ್ಲಾಡಿತು.

ಪಿಕಪ್ಪಿನ ಹುಡುಗ ಇಳಿದು ಓಡಿ ಬಂದ. ಇಪ್ಪತ್ತೈದರ ಒಳಗಿನ ವಯಸ್ಸು. "ಸಾರ್, ಬ್ರೇಕ್ ಹಿಡೀಲಿಲ್ಲ ಸಾರ್, ನಂದೇ ತಪ್ಪು. ಐದು ಸಾವಿರ ಐತೆ, ಇಟ್ಕೊಳ್ಳಿ" ಎಂದ. ನೋಟು ಎಣಿಸುವಾಗ ಅವನ ಕೈ ನಡುಗುತ್ತಿತ್ತು. "ಪಾಪ, ಬಿಡ್ರೀ" ಎಂದಳು ಮನೆಯವಳು. ನಾನೂ ದೊಡ್ಡ ಮನುಷ್ಯನ ಹಾಗೆ, "ನಿಂಗೂ ಇನ್ಶೂರೆನ್ಸ್ ಐತೆ, ನಂಗೂ ಐತೆ. ನಿನ್ನ ಜೇಬಿಗೆ ಯಾಕಪ್ಪಾ ಕೈ ಹಾಕ್ಲಿ?" ಎಂದುಬಿಟ್ಟೆ. ಅವನ ಪಾಲಿಸಿ, ಆರ್‌ಸಿ, ಡಿಎಲ್, ಎರಡೂ ಗಾಡಿಗಳ ಫೋಟೊ ತೆಗೆದುಕೊಂಡೆ. ಗೇಟ್ ತೆಗೆದರು, ಅವನು ಕೈಮುಗಿದು ಹೋದ.

ಆ ಮಾತು ಎಷ್ಟು ದುಬಾರಿಯದು ಎಂದು ಗೊತ್ತಾಗಲು ಮೂರು ವಾರ ಹಿಡಿಯಿತು.

ಮರುದಿನ ಅವನ ಇನ್ಶೂರೆನ್ಸ್ ಕಂಪನಿಗೆ ಫೋನ್ ಮಾಡಿದೆ. ಪಾಲಿಸಿ ನಂಬರ್ ಕೇಳಿದರು, ಕೊಟ್ಟೆ. "ನೀವು ಪಾಲಿಸಿದಾರರಾ ಸಾರ್?" ಎಂದರು. ಅಲ್ಲಮ್ಮ, ಅವರು ಗುದ್ದಿದ್ದು ನನ್ನ ಕಾರಿಗೆ ಎಂದೆ. "ಹಾಗಾದ್ರೆ ಕೋರ್ಟ್ ಆರ್ಡರ್ ಬೇಕಾಗುತ್ತೆ ಸಾರ್. ಇಲ್ಲಾಂದ್ರೆ ನಿಮ್ಮ ಕಂಪನಿಯಲ್ಲೇ ಕ್ಲೇಮ್ ಮಾಡ್ಕೊಳ್ಳಿ." ಆ ಹೆಣ್ಣುಮಗಳ ತಪ್ಪೇನಿಲ್ಲ, ಎದುರಿಗಿದ್ದ ಕಾಗದ ನೋಡಿ ಹೇಳಿದ್ದಳು. ಆದರೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಎಂಬ ಹೆಸರಿನಲ್ಲಿ ಬರುವ ಆ ಮೂರನೆಯವನು ನಾನೇ ಅಲ್ಲವೇ? ನನಗೋಸ್ಕರವೇ ಮಾಡಿಸಿದ ಪಾಲಿಸಿಯ ಬಾಗಿಲು ಬಡಿದರೆ, ನೀನು ಯಾರು ಎಂದು ನನ್ನನ್ನೇ ಕೇಳುತ್ತಾರೆ.

1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಮಿನ ಪ್ರಕಾರ ಈ ಪಾಲಿಸಿ ಇಲ್ಲದೆ ಗಾಡಿ ರಸ್ತೆಗೆ ಇಳಿಯುವ ಹಾಗಿಲ್ಲ. 2022ರ ಜೂನ್‌ನಲ್ಲಿ ಜಾರಿಗೆ ಬಂದ ದರದಲ್ಲಿ ಅಂಥ ಸಣ್ಣ ಗೂಡ್ಸ್ ಗಾಡಿಯ ಥರ್ಡ್ ಪಾರ್ಟಿ ಪ್ರೀಮಿಯಂ ವರ್ಷಕ್ಕೆ 16,049 ರೂಪಾಯಿ. ಎಳನೀರು ಹೊತ್ತು ದುಡಿಯುವ ಹುಡುಗ ಅಷ್ಟು ಕಟ್ಟುತ್ತಾನೆ. ಇನ್ನೊಬ್ಬರ ಆಸ್ತಿಗೆ ಆಗುವ ನಷ್ಟಕ್ಕೆ ಆ ಪಾಲಿಸಿಯಲ್ಲಿ ಏಳೂವರೆ ಲಕ್ಷದವರೆಗೆ ರಕ್ಷಣೆ ಇರುತ್ತದೆ. ನನ್ನ ಬಿಲ್ಲು 38,000.

ಆಮೇಲೆ ಪೊಲೀಸ್ ಠಾಣೆಗೆ ಹೋದೆ. ಯಾವ ಠಾಣೆ ಎಂಬುದು ಬೇಡ, ಅಲ್ಲಿಯವರು ಮರ್ಯಾದೆಯಿಂದಲೇ ಮಾತಾಡಿದರು. ಎಫ್‌ಐಆರ್ ಆಗಬೇಕಾದರೆ ಹುಡುಗನ ಮೇಲೆ ಅಜಾಗರೂಕ ಚಾಲನೆಯ ಕೇಸು ಹಾಕಬೇಕು. ಪಿಕಪ್ಪನ್ನು ಠಾಣೆಗೆ ತರಿಸಬೇಕು, ಆರ್‌ಟಿಒ ಕಡೆಯವರು ಬಂದು ತಪಾಸಣೆ ಮಾಡಬೇಕು, ಅಲ್ಲಿಯವರೆಗೆ ಗಾಡಿ ಠಾಣೆಯ ಮುಂದೆ ನಿಂತಿರಬೇಕು. "ಪೆಟ್ಟಾಗಿಲ್ಲ, ಜೀವ ಹೋಗಿಲ್ಲ, ರಾಜಿ ಮಾಡ್ಕೊಳ್ಳಿ ಸ್ವಾಮಿ" ಎಂದರು. ಯೋಚಿಸಿ ನೋಡಿ. ಅವನು ಪ್ರೀಮಿಯಂ ಕಟ್ಟಿದ್ದಾನೆ, ತಪ್ಪು ಒಪ್ಪಿಕೊಂಡಿದ್ದಾನೆ. ಆದರೂ ಅವನ ಪಾಲಿಸಿಯ ದುಡ್ಡು ನನಗೆ ಬರಬೇಕಾದರೆ ಮೊದಲು ಅವನನ್ನು ಆರೋಪಿ ಮಾಡಬೇಕು, ಅವನ ದುಡಿಮೆ ನಿಲ್ಲಿಸಬೇಕು. ನಾನು ದೂರು ಬರೆದುಕೊಡದೆ ಎದ್ದು ಬಂದೆ.

ಮಂಡಿಗೆ ಬರುವ ಒಬ್ಬ ವಕೀಲರನ್ನು ಕೇಳಿದೆ. ಕಾಯ್ದೆಯಲ್ಲಿ ದಾರಿ ಇದೆ ಎಂದರು. ಆಸ್ತಿ ನಷ್ಟಕ್ಕೂ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ, ಅಂದರೆ ಎಲ್ಲರೂ ಎಂವಿಸಿ ಅನ್ನುವ ಕೇಸಿಗೆ, ಆರು ತಿಂಗಳೊಳಗೆ ಅರ್ಜಿ ಹಾಕಬಹುದು. ನಂತರ ನಕ್ಕರು. "ಮೂವತ್ತೆಂಟು ಸಾವಿರಕ್ಕೆ ಎಂವಿಸಿ ಹಾಕಿದ್ರೆ ನನ್ನ ಫೀಸು, ಗ್ಯಾರೇಜಿನವನ ಸಾಕ್ಷಿ, ವಾಯಿದೆ ಮೇಲೆ ವಾಯಿದೆ. ಬೇಡ ಬಿಡಿ." ಕೆಲಸ ಬೇಡ ಅನ್ನುವ ವಕೀಲರನ್ನು ನಾನು ಕಂಡಿದ್ದು ಅದೇ ಮೊದಲು.

ದೂರು ಕೊಡೋಣವೆಂದರೆ ವಿಮಾ ನಿಯಂತ್ರಣ ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲ್ ಇದೆ, ಬೆಂಗಳೂರಿನಲ್ಲಿ ವಿಮಾ ಓಂಬುಡ್ಸ್‌ಮನ್ ಕಚೇರಿಯೂ ಇದೆ. ಆದರೆ ಓಂಬುಡ್ಸ್‌ಮನ್ ಬಳಿಗೆ ಹೋಗಬೇಕಾದವನು ಪಾಲಿಸಿದಾರ. ಹುಡುಗನ ಕಂಪನಿಗೆ ನಾನು ಗಿರಾಕಿಯೇ ಅಲ್ಲ.

ಕೊನೆಗೆ ನನ್ನ ಸ್ವಂತ ಕಂಪನಿಗೇ ಶರಣಾದೆ. ಇಲ್ಲಿಂದ ಮುಂದೆ ಲೆಕ್ಕ, ದಯವಿಟ್ಟು ಬೇಸರಿಸಬೇಡಿ. ನನಗೆ ಬರುವುದು ಇದೊಂದೇ.

ಗ್ಯಾರೇಜಿನ ಬಿಲ್ಲಿನಲ್ಲಿ ಹಿಂದಿನ ಬಂಪರ್ 9,000, ಡಿಕ್ಕಿ ಬಾಗಿಲು 16,000, ಹಿಂದಿನ ಲೈಟು 3,000, ಪೇಂಟಿಂಗ್ 6,000, ಕೂಲಿ 4,000. ಕೂಡಿದರೆ 38,000. ನನ್ನ ಕಾರು 2018ರ ನವೆಂಬರಿನದು, ಐದು ವರ್ಷ ದಾಟಿದೆ. ಹಾಗಾಗಿ ತಗಡಿನ ಭಾಗಕ್ಕೆ ಶೇ. 40 ಸವಕಳಿ, ಪ್ಲಾಸ್ಟಿಕ್ಕಿಗೆ ಶೇ. 50. ಬಂಪರಿನಲ್ಲಿ 4,500 ಹೋಯಿತು, ಬಾಗಿಲಿನಲ್ಲಿ 6,400, ಲೈಟಿನಲ್ಲಿ 1,500. ಪೇಂಟಿಂಗಿನ ಕಾಲು ಭಾಗ ಬಣ್ಣದ ಬಾಬ್ತೆಂದು ಹಿಡಿದು ಅದರಲ್ಲಿ ಅರ್ಧ, 750. ಅದರ ಮೇಲೆ ಕಡ್ಡಾಯ ಕಡಿತ 1,000. ನನ್ನ ಜೇಬಿನಿಂದ 14,150, ಕಂಪನಿಯಿಂದ 23,850.

ಇಲ್ಲಿಗೆ ಮುಗಿದಿದ್ದರೆ ಸುಮ್ಮನಿರುತ್ತಿದ್ದೆ. ನನಗೆ ಶೇ. 50ರ ನೋ ಕ್ಲೇಮ್ ಬೋನಸ್ ಇತ್ತು. ಐದು ವರ್ಷ ಒಂದೂ ಕ್ಲೇಮ್ ಮಾಡದೆ ಓಡಿಸಿದವನಿಗೆ ಸಿಗುವ ರಿಯಾಯಿತಿ ಅದು. ಒಂದು ಕ್ಲೇಮ್ ಮಾಡಿದೆ, ಸೊನ್ನೆಗೆ ಇಳಿಯಿತು. ಬೋನಸ್ ಕಳೆಯುವ ಮುಂಚಿನ ಓನ್ ಡ್ಯಾಮೇಜ್ ಪ್ರೀಮಿಯಂ, ಅಂದರೆ ನನ್ನ ಸ್ವಂತ ಕಾರಿಗೆ ಆಗುವ ನಷ್ಟಕ್ಕೆಂದು ಕಟ್ಟುವ ಭಾಗ, 8,000 ಎಂದೂ ಅದು ಬದಲಾಗುವುದಿಲ್ಲವೆಂದೂ ಇಟ್ಟುಕೊಳ್ಳಿ. ಇಷ್ಟು ದಿನ 4,000 ಕಟ್ಟುತ್ತಿದ್ದೆ. ಮುಂದಿನ ಸಲ 8,000. ಆಮೇಲೆ ಬೋನಸ್ ಮತ್ತೆ ಶೇ. 20, 25, 35, 45 ಎಂದು ಒಂದೊಂದೇ ಮೆಟ್ಟಿಲು ಹತ್ತಬೇಕು. 50ಕ್ಕೆ ತಲುಪುವ ಹೊತ್ತಿಗೆ ನಾನು ಹೆಚ್ಚುವರಿಯಾಗಿ ಕಟ್ಟಿರುವುದು 4,000, 2,400, 2,000, 1,200, 400. ಮೊತ್ತ ಸರಿಯಾಗಿ ಹತ್ತು ಸಾವಿರ, ತೆರಿಗೆ ಬಿಟ್ಟು.

ಈಗ ಖಾತೆ ಮುಗಿಸೋಣ. ನಿಂತ ಕಾರಿನಲ್ಲಿ ಕೂತಿದ್ದ ನನಗೆ ಹೋದದ್ದು 24,150. ನನ್ನ ಕಂಪನಿಗೆ ಹೋದದ್ದು 23,850, ಅದರಲ್ಲೂ ಹತ್ತು ಸಾವಿರ ನನ್ನಿಂದಲೇ ವಾಪಸ್ ಹೋಗುತ್ತದೆ. 16,049 ರೂಪಾಯಿ ಪ್ರೀಮಿಯಂ ಇರುವ ಗಾಡಿಗೆ ವಿಮೆ ಕೊಟ್ಟ ಕಂಪನಿಗೆ ಹೋದದ್ದು ಸೊನ್ನೆ. ಹುಡುಗ ಕೊಡಲು ಬಂದಿದ್ದ ಐದು ಸಾವಿರವೂ ಬಿಟ್ಟುಹೋಯಿತೆಂದು ಮನೆಯವಳು ಈಗಲೂ ನೆನಪಿಸುತ್ತಾಳೆ. ಪಾಪ, ಬಿಡ್ರೀ ಅಂದವಳೂ ಅವಳೇ.

ನಮ್ಮ ಕಂಪನಿಯವರು ಎದುರಿನ ಕಂಪನಿಯಿಂದ ವಸೂಲು ಮಾಡುವುದಿಲ್ಲವೇ ಎಂದು ಸರ್ವೇ ಮಾಡಲು ಬಂದವರನ್ನು ಕೇಳಿದೆ. ಕಂಪನಿಗಳ ನಡುವೆ ನಾಕ್ ಫಾರ್ ನಾಕ್ ಎಂಬ ಒಪ್ಪಂದ ಇದೆಯಂತೆ. ಯಾರ ತಪ್ಪೇ ಇರಲಿ, ಅವರವರ ಗಿರಾಕಿಯ ಗಾಡಿಯನ್ನು ಅವರವರೇ ರಿಪೇರಿ ಮಾಡಿಸುವುದು, ಒಬ್ಬರನ್ನೊಬ್ಬರು ಕೇಳದಿರುವುದು. ಹುಡುಗನ ಪಿಕಪ್ ಸಾಲದ ಗಾಡಿ, ಅದಕ್ಕೂ ಫುಲ್ ಇನ್ಶೂರೆನ್ಸ್ ಇತ್ತು, ಹಾಗಾಗಿ ಈ ಒಪ್ಪಂದ ನಮ್ಮಿಬ್ಬರ ಗಾಡಿಗೂ ಹೊಂದಿತು. ವ್ಯಾಪಾರದವನಾಗಿ ಈ ಒಪ್ಪಂದ ನನಗೆ ಅರ್ಥವಾಗುತ್ತದೆ. ಮಂಡಿಗಳ ನಡುವೆಯೂ ಇಂಥವು ಇರುತ್ತವೆ. ಇವತ್ತು ನಿನ್ನದು, ನಾಳೆ ನನ್ನದು, ಚಿಲ್ಲರೆಗೆ ಯಾರು ಜಗಳಾಡುತ್ತಾರೆ? ಆದರೆ ಮಂಡಿಯವರು ತಮ್ಮೊಳಗೆ ಮನ್ನಾ ಮಾಡಿಕೊಂಡ ಬಾಕಿಯನ್ನು ರೈತನ ಪಟ್ಟಿಯಲ್ಲಿ ಮುರಿದುಕೊಂಡರೆ ಎಪಿಎಂಸಿಯಲ್ಲಿ ಗಲಾಟೆಯಾಗುತ್ತದೆ. ಇಲ್ಲಿ ಆಗಿರುವುದು ಅದೇ. ತಪ್ಪು ಯಾರದೆಂದು ಕಂಪನಿ ಕಂಪನಿಯನ್ನು ಕೇಳಲಿಲ್ಲ. ನನ್ನ ಬೋನಸ್ ಕಿತ್ತುಕೊಳ್ಳುವಾಗಲೂ ತಪ್ಪು ಯಾರದೆಂದು ಯಾರೂ ಕೇಳಲಿಲ್ಲ.

ಎನ್‌ಸಿಬಿ ಪ್ರೊಟೆಕ್ಟ್ ಎಂಬ ಹೆಚ್ಚುವರಿ ರಕ್ಷಣೆ ಹಾಕಿಸಿದ್ದರೆ ಬೋನಸ್ ಉಳಿಯುತ್ತಿತ್ತು, ಝೀರೋ ಡೆಪ್ ಹಾಕಿಸಿದ್ದರೆ ಸವಕಳಿಯೂ ಇರುತ್ತಿರಲಿಲ್ಲ ಎಂದು ಏಜೆಂಟ್ ಹೇಳಿದರು. ಹೌದು. ಬೇರೆಯವರು ಬಂದು ಗುದ್ದುತ್ತಾರೆ ಎಂಬುದಕ್ಕೂ ನಾನೇ ಬೇರೆ ದುಡ್ಡು ಕಟ್ಟಿಟ್ಟಿರಬೇಕಾಗಿತ್ತು.

ನನ್ನ ತಮ್ಮನ ಮಗಳು ಕೆನಡಾದ ಒಂಟಾರಿಯೊದಲ್ಲಿದ್ದಾಳೆ. ಅವಳ ಕಾರಿಗೂ ಹೀಗೇ ಸಿಗ್ನಲ್ಲಿನಲ್ಲಿ ಹಿಂದಿನಿಂದ ಗುದ್ದಿದ್ದರಂತೆ. ಅಲ್ಲಿಯೂ ನಮ್ಮ ನಾಕ್ ಫಾರ್ ನಾಕ್ ತರಹವೇ, ಅವಳ ಸ್ವಂತ ಕಂಪನಿಯೇ ರಿಪೇರಿ ಮಾಡಿಸಿಕೊಡುತ್ತದೆ, ಎದುರಿನವರ ಹಿಂದೆ ಅಲೆಯಬೇಕಿಲ್ಲ. 1990ರಿಂದ ನಡೆದು ಬಂದಿರುವ ಪದ್ಧತಿ. ಆದರೆ ಯಾವ ಬಗೆಯ ಅಪಘಾತದಲ್ಲಿ ಯಾರ ತಪ್ಪು ಎಷ್ಟು ಎಂಬುದನ್ನು ಚಿತ್ರ ಸಮೇತ ಸರ್ಕಾರವೇ ನಿಯಮ ಮಾಡಿಟ್ಟಿದೆ. ನಿಂತ ಗಾಡಿಗೆ ಹಿಂದಿನಿಂದ ಗುದ್ದಿದರೆ ನೂರಕ್ಕೆ ನೂರು ಹಿಂದಿನವನದು. ತಪ್ಪಿಲ್ಲದವರ ಪ್ರೀಮಿಯಂ ಅದೇ ಕಾರಣಕ್ಕೆ ಏರಿಸುವಂತಿಲ್ಲ. "ದೊಡ್ಡಪ್ಪ, ನಂಗೆ ಒಂದು ಫೋನಲ್ಲಿ ಮುಗೀತು" ಎಂದಳು. ಅಂದರೆ ಅಲ್ಲಿಯ ಪದ್ಧತಿಯ ಅರ್ಧ ನಮ್ಮಲ್ಲಿ ಆಗಲೇ ಇದೆ. ಕಂಪನಿಗಳಿಗೆ ಅನುಕೂಲವಾದ ಅರ್ಧ.

ಅಪಘಾತದ ಕಾನೂನು ಸುಧಾರಿಸಿಲ್ಲ ಎಂದು ನಾನು ಹೇಳುತ್ತಿಲ್ಲ. ಗುದ್ದಿ ಓಡಿಹೋದ ಪ್ರಕರಣದಲ್ಲಿ ಜೀವ ಹೋದರೆ 2 ಲಕ್ಷ, 2025ರಿಂದ ಗಾಯಾಳುಗಳಿಗೆ ಏಳು ದಿನದವರೆಗೆ ಒಂದೂವರೆ ಲಕ್ಷದ ನಗದುರಹಿತ ಚಿಕಿತ್ಸೆ, ಯಾರ ತಪ್ಪೆಂದು ಸಾಬೀತು ಮಾಡದೆಯೂ ಸಾವಿಗೆ 5 ಲಕ್ಷದ ಪರಿಹಾರ. ಜೀವ ಮೊದಲು, ತಗಡು ಆಮೇಲೆ. ಒಪ್ಪಿದೆ. ಆದರೆ ಆ ಆಮೇಲೆ ಎನ್ನುವುದು ಯಾವತ್ತಾದರೂ ಬರಬೇಕಲ್ಲ.

ಅದಕ್ಕೆ ಹೊಸ ಕಾಯ್ದೆಯೂ ಬೇಕಿಲ್ಲವೇನೋ. 2019ರ ತಿದ್ದುಪಡಿಯಲ್ಲಿ ಬಂದ 149ನೇ ಕಲಮನ್ನು ವಕೀಲರಿಂದ ಓದಿಸಿದೆ. ಅಪಘಾತದ ಮಾಹಿತಿ ಬಂದ ಕೂಡಲೇ, ಅದು ನೊಂದವನಿಂದಲೇ ಬಂದಿರಲಿ, ವಿಮಾ ಕಂಪನಿ ಒಬ್ಬ ಅಧಿಕಾರಿಯನ್ನು ನೇಮಿಸಬೇಕು, ಆ ಅಧಿಕಾರಿ 30 ದಿನದೊಳಗೆ ಇತ್ಯರ್ಥದ ಮೊತ್ತ ಮುಂದಿಡಬಹುದು ಎಂದಿದೆ. ಪೆಟ್ಟಾದವರಿಗೆ ಮಾತ್ರ, ಬಂಪರಿಗೆ ಇಲ್ಲ ಎಂದು ಆ ಸಾಲುಗಳಲ್ಲಿ ನನಗೆ ಕಾಣಲಿಲ್ಲ. ನಾನು ಫೋನ್ ಮಾಡಿದ ದಿನ ಆ ಅಧಿಕಾರಿಯ ಹೆಸರು ಹೇಳಿದ್ದರೆ ಈ ಪತ್ರವೇ ಹುಟ್ಟುತ್ತಿರಲಿಲ್ಲ.

ಹೀಗಾಗಿ ನಿಮ್ಮಲ್ಲಿ ಕೇಳುವುದು ಇಷ್ಟು. ಮುಂದಿನ ಅಧಿವೇಶನದಲ್ಲಿ ಹಣಕಾಸು ಸಚಿವಾಲಯಕ್ಕೆ ಒಂದು ಪ್ರಶ್ನೆ ಹಾಕಿ: ಎದುರಿನ ಚಾಲಕ ತಪ್ಪು ಒಪ್ಪಿ ಬರೆದುಕೊಟ್ಟಾಗಲೂ, ನಿಂತ ಗಾಡಿಗೆ ಹಿಂದಿನಿಂದ ಗುದ್ದಿದಾಗಲೂ ಪಾಲಿಸಿದಾರನ ನೋ ಕ್ಲೇಮ್ ಬೋನಸ್ ಯಾಕೆ ಕಳೆಯಬೇಕು, ಇದನ್ನು ನಿಲ್ಲಿಸಲು ವಿಮಾ ಪ್ರಾಧಿಕಾರಕ್ಕೆ ಏನು ಅಡ್ಡಿ? ರಸ್ತೆ ಸಾರಿಗೆ ಸಚಿವಾಲಯಕ್ಕೆ ಇನ್ನೊಂದು: ಬರೀ ಗಾಡಿಗೆ ನಷ್ಟವಾದ ಸಣ್ಣ ಪ್ರಕರಣಗಳಲ್ಲಿ, ಹೇಳುವುದಾದರೆ ಒಂದು ಲಕ್ಷದೊಳಗಿನವುಗಳಲ್ಲಿ, ಎಫ್‌ಐಆರ್ ಇಲ್ಲದೆ, ಇಬ್ಬರೂ ಸಹಿ ಹಾಕಿದ ಒಂದು ಹಾಳೆ ಮತ್ತು ಫೋಟೊಗಳ ಮೇಲೆ ಎದುರಿನ ಕಂಪನಿ ನೇರವಾಗಿ ಹಣ ಕೊಡುವಂತೆ 149ನೇ ಕಲಮನ್ನು ಬಳಸಲು ಸಾಧ್ಯವೇ?

ಹಾಳೆ ಕೊಟ್ಟರೆ ಇಬ್ಬರು ಸೇರಿ ಸುಳ್ಳು ಬರೆಯುತ್ತಾರೆ ಎಂದು ನಿಮ್ಮ ಮುಂದೆ ಯಾರಾದರೂ ವಾದಿಸಬಹುದು. ಬರೆಯುವವರು ಬರೆಯುತ್ತಾರೆ, ಅದಕ್ಕೇ ಸರ್ವೇ ಇರುವುದು. ಈಗ ಏನಾಗುತ್ತಿದೆ ಎಂಬುದನ್ನು ನೀವು ಹೆದ್ದಾರಿಯಲ್ಲಿ ಕಾಣುತ್ತಲೇ ಇರುತ್ತೀರಿ. ಸಣ್ಣ ಗೀರು ಬಿದ್ದರೂ ಗಾಡಿ ಅಡ್ಡ ನಿಲ್ಲಿಸಿ, ಕೊರಳಪಟ್ಟಿ ಹಿಡಿದು, ಜನ ಸೇರಿಸಿ, ಕೊಡು ದುಡ್ಡು ಎಂದು ಕೂಗಾಡುತ್ತಾರೆ. ಮೊದಲೆಲ್ಲ ಇವರಿಗೆ ಬುದ್ಧಿ ಇಲ್ಲ ಅಂದುಕೊಳ್ಳುತ್ತಿದ್ದೆ. ಈಗ ಗೊತ್ತಾಗಿದೆ, ಎದುರಿನವನಿಂದ ನೇರವಾಗಿ ವಸೂಲಾಗುವ ಜಾಗ ನಮ್ಮ ದೇಶದಲ್ಲಿ ಅದೊಂದೇ. ನಡುರಸ್ತೆ. ಗಾಡಿ ಮುಂದಕ್ಕೆ ಹೊರಟಿತೋ, ದುಡ್ಡೂ ಹೊರಟುಹೋಯಿತು.

ಆ ಹುಡುಗ ಯುಗಾದಿಯ ಹಿಂದಿನ ದಿನ ಫೋನ್ ಮಾಡಿದ್ದ. "ಸಾರ್, ನಿಮ್ಮ ಕಂಪನಿಯೋರು ಪೂರ್ತಿ ಕೊಟ್ರಾ?" ಎಂದು ಕೇಳಿದ. ಕೊಟ್ಟರಪ್ಪ ಎಂದೆ. ಇಪ್ಪತ್ತಾರು ವರ್ಷದಲ್ಲಿ ನಾನು ಹೇಳಿದ ತಪ್ಪು ಲೆಕ್ಕ ಅದೊಂದೇ.

ನನ್ನ ಪಾಲಿಸಿ ನವೀಕರಣ ನವೆಂಬರಿನಲ್ಲಿದೆ. ಬಿಲ್ಲು, ಫೋಟೊ, ಎರಡೂ ಪಾಲಿಸಿಗಳ ಜೆರಾಕ್ಸ್ ಒಂದು ಫೈಲಿನಲ್ಲಿ ಇಟ್ಟಿದ್ದೇನೆ. ಹುಡುಗನ ಹೆಸರು, ನಂಬರು ಮುಚ್ಚಿ ಹಾಸನದ ನಿಮ್ಮ ಕಚೇರಿಗೆ ತಂದುಕೊಡುತ್ತೇನೆ. ಸಚಿವಾಲಯದ ಉತ್ತರ "ಪರಿಶೀಲನೆಯಲ್ಲಿದೆ" ಎಂಬ ಒಂದೇ ಪದವಾಗಿದ್ದರೂ ಪರವಾಗಿಲ್ಲ, ಅದರ ಒಂದು ಪ್ರತಿ ಕಳುಹಿಸಿಕೊಡಿ. ಅದೇ ಫೈಲಿಗೆ ಹಾಕಿಕೊಳ್ಳುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಅರಸೀಕೆರೆಯ ಒಬ್ಬ ಮತದಾರ