ಬೂಸ್ಟು ಹಿಡಿಯುವ ಮುಂಚೆ ಆಲ್ಬಮ್ ತೆಗೆಯಿರಿ

ಸಂಪಾದಕರೇ,

ಮಲೆನಾಡಿನಲ್ಲಿ ಮಳೆ ಹಿಡಿದರೆ ಬೀರುವಿನೊಳಗಿನ ಆಲ್ಬಮ್ಮಿಗೂ ಬೂಸ್ಟು ಬರುತ್ತದೆ. ಅದರಲ್ಲೂ ಅಂಟಿನ ಹಾಳೆಗೆ ಪ್ಲಾಸ್ಟಿಕ್ ಮುಚ್ಚುವ ಆಲ್ಬಮ್ ಇದೆಯಲ್ಲ, ಎಷ್ಟೋ ಮನೆಗಳ ಮದುವೆ ಫೋಟೊ ಇನ್ನೂ ಅದರಲ್ಲೇ ಇವೆ, ಆ ಅಂಟು ಹಳದಿಯಾಗಿ ಫೋಟೊದ ಬೆನ್ನಿಗೆ ಕಚ್ಚಿಕೊಂಡುಬಿಡುತ್ತದೆ. ಜಗ್ಗಿದರೆ ಹರಿಯುತ್ತದೆ. ಸುಮ್ನೆ ಹಾಳೆ ಸಮೇತ ಸ್ಕ್ಯಾನ್ ಮಾಡಿಸಿ, 600 ಡಿಪಿಐ (ಇಂಚಿಗೆ 600 ಚುಕ್ಕಿ) ಸಾಕು.

ಆಮೇಲೆ ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಹಾಕಿ ‘ಎಲ್ಲರ ಹತ್ರ ಇದೆಯಲ್ಲ’ ಅಂತ ನಿಶ್ಚಿಂತೆಯಿಂದ ಇರುವವರೇ ಜಾಸ್ತಿ. ಫೋಟೊ ಅಂತ ಕಳಿಸಿದರೆ ಅದರ ಗುಣಮಟ್ಟ ಇಳಿಯುತ್ತದೆ, ಡಾಕ್ಯುಮೆಂಟ್ ಅಂತ ಕಳಿಸಿ. ಗೂಗಲ್ ಫೋಟೋಸ್‌ನ ಲೆಕ್ಕವಿಲ್ಲದ ಪುಕ್ಕಟೆ ಜಾಗ 2021ರ ಜೂನ್‌ಗೇ ನಿಂತಿತು. ಈಗ ಸಿಗುವ 15 ಜಿಬಿಯಲ್ಲಿ ಜಿಮೇಲ್ ಕೂಡ ಸೇರಿದೆ. ಹಾಗಾಗಿ ಒಂದು ಹಾರ್ಡ್ ಡಿಸ್ಕ್ ಮನೆಯಲ್ಲಿ, ಇನ್ನೊಂದು ಬೇರೆ ಊರಿನ ನೆಂಟರ ಹತ್ತಿರ ಇರಲಿ. 2018ರಲ್ಲಿ ಕೊಡಗು, ಮರುವರ್ಷ ಬೆಳಗಾವಿ ಕಡೆ ನೆರೆ ಬಂದಿದ್ದು ನೆನಪಿದೆ ಅಲ್ವಾ?

ಫೋಟೊದಲ್ಲಿ ಯಾರ್‍ಯಾರಿದ್ದಾರೆ ಅಂತ ಅಜ್ಜಿಯನ್ನು ಈಗಲೇ ಕೇಳಿ, ಹಿಂಬದಿ ಮೆತ್ತಗೆ ಪೆನ್ಸಿಲ್‌ನಲ್ಲಿ ಬರೆದಿಡಿ. ಬಾಲ್ ಪೆನ್ ಬೇಡ, ಮುಂಬದಿಗೆ ಅಚ್ಚು ಬೀಳುತ್ತದೆ.

ಸ್ಟುಡಿಯೊದಲ್ಲಿ ಇದನ್ನೆಲ್ಲ ಮಾಡಿಸಲು ದುಡ್ಡು ಬೇಕು. ತಾಲ್ಲೂಕಿನ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಒಂದೊಂದು ಸ್ಕ್ಯಾನರ್ ಇಟ್ಟು ಜನರಿಗೆ ಬಳಸಲು ಬಿಟ್ಟರೆ ಸರ್ಕಾರಕ್ಕೆ ಅಂಥ ಖರ್ಚೇನೂ ಆಗದು.

– ಓದುಗ, ತೀರ್ಥಹಳ್ಳಿ